ಕರಿಬೇವಿನ ಗಿಡಕ್ಕೆ ಬಾಯಾರಿಕೆಯಾಗಿರಲಿಲ್ಲ

ಕಳೆದ ಫೆಬ್ರವರಿಯಲ್ಲಿ ಅಮ್ಮ ಅರಸೀಕೆರೆಯಿಂದ ನ್ಯೂ ಟೌನಿನ ನಮ್ಮ ಫ್ಲ್ಯಾಟಿಗೆ ಬಂದಾಗ ಎರಡು ಸೂಟ್‌ಕೇಸಿನ ಜೊತೆ ಒಂದು ಹಳೆಯ ಪೇಂಟ್ ಡಬ್ಬವೂ ಬಂತು. ಅದರಲ್ಲಿ ಹಿತ್ತಲಿನ ಕರಿಬೇವಿನ ಮರದ ಬೇರಿನಿಂದ ಎದ್ದ ಗೇಣುದ್ದದ ಒಂದು ಮರಿ. ಯಶವಂತಪುರದಿಂದ ಹೌರಾವರೆಗೆ ಅದನ್ನು ಕಾಲ ಬಳಿಯೇ ಇಟ್ಟುಕೊಂಡು ಬಂದಿದ್ದಳು. ಅಪ್ಪ ಹೋಗಿ ಆಗ ಆರು ತಿಂಗಳು. "ಸ್ವಲ್ಪ ದಿನ ಇದ್ದು ಹೋಗ್ತೀನಿ ಕಣೇ. ಮಗಳ ಮನೇಲಿ ಎಷ್ಟು ದಿನ ಅಂತ ಇರೋದು?" ಎಂದಳು. ಇನ್ನು ಅಮ್ಮ ಇಲ್ಲೇ ಇರಲಿ ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದೆ. ಅವಳನ್ನು ಕೇಳಿರಲಿಲ್ಲ.

ಬೇಸಿಗೆಯಲ್ಲಿ ಗಿಡ ಚೆನ್ನಾಗಿ ಚಿಗುರಿತು. ಹನ್ನೊಂದನೇ ಮಹಡಿಯ ಗಾಳಿಗೆ ಕುಂಡದ ಮಣ್ಣು ಬೇಗ ಒಣಗುತ್ತಿದ್ದರಿಂದ ಬೆಳಿಗ್ಗೆ, ಸಂಜೆ ಒಂದೊಂದು ಚೊಂಬು ನೀರು ಹಾಕುತ್ತಿದ್ದೆ. ಮಳೆಗಾಲ ಶುರುವಾದ ಮೇಲೆ ಎಲೆಗಳು ಜೋತುಬೀಳತೊಡಗಿದವು. ಬಾಡಿದೆ ಎಂದರೆ ನೀರು ಸಾಲದು ಎಂದಲ್ಲವೇ? ಆಫೀಸಿನ ಕಾಲ್‌ಗಳ ನಡುವೆ ಎದ್ದು ಹೋಗಿ ಇನ್ನೊಂದು ಚೊಂಬು ಸುರಿಯತೊಡಗಿದೆ.

ಅದೇ ದಿನಗಳಲ್ಲಿ ಅಮ್ಮನೂ ಸೊರಗುತ್ತಿದ್ದಳು. ಮಧ್ಯಾಹ್ನ ಊಟವಾದ ಮೇಲೆ ರೂಮಿನ ಬಾಗಿಲು ಹಾಕಿಕೊಂಡರೆ ಸಂಜೆಯವರೆಗೂ ತೆಗೆಯುತ್ತಿರಲಿಲ್ಲ. ನಾನು ಕನ್ನಡ ಚಾನೆಲ್ ಹಾಕಿಸಿದೆ, ದೊಡ್ಡ ಅಕ್ಷರದ ಫೋನು ಕೊಡಿಸಿದೆ. ಭಾನುವಾರ ಬಂತೆಂದರೆ ಒಮ್ಮೆ ದಕ್ಷಿಣೇಶ್ವರ, ಒಮ್ಮೆ ಇಕೋ ಪಾರ್ಕ್. ಎಲ್ಲಕ್ಕೂ ಒಂದೇ ಉತ್ತರ: "ಹೂಂ, ಚೆನ್ನಾಗಿದೆ."

ಗಿಡದ ವಿಷಯದಲ್ಲಿ ಮೊದಲ ಸುಳಿವು ಸಿಕ್ಕಿದ್ದು ಆರನೇ ಕ್ಲಾಸಿನ ಮಗಳ ಹೋಂವರ್ಕಿನಿಂದ. ಎಲೆಗಳಿರುವ ಕೊಂಬೆಗೆ ಪ್ಲಾಸ್ಟಿಕ್ ಕವರ್ ಕಟ್ಟಿ ಬಿಸಿಲಲ್ಲಿ ಬಿಡಬೇಕು. ಒಳಗೆ ಹನಿಗಟ್ಟುವುದನ್ನು ನೋಡಿ ಬರೆಯಬೇಕು. ನಾವೂ ಸ್ಕೂಲಿನಲ್ಲಿ ಓದಿದ್ದ ಬಾಷ್ಪವಿಸರ್ಜನೆಯ ಪಾಠವೇ. ಅವಳು ದಾಸವಾಳಕ್ಕೊಂದು, ಕರಿಬೇವಿಗೊಂದು ಕವರ್ ಕಟ್ಟಿದಳು. ಎರಡು ಗಂಟೆ ಕಳೆದು ನೋಡಿದರೆ ದಾಸವಾಳದ ಕವರಿನೊಳಗೆ ಹನಿಗಳು ಇಳಿಯುತ್ತಿದ್ದವು. ಕರಿಬೇವಿನದು ಹೆಚ್ಚುಕಡಿಮೆ ಒಣಗಿಯೇ ಇತ್ತು. ಬುಡದಲ್ಲಿ ನೀರು ನಿಂತಿದೆ, ಎಲೆ ಮಾತ್ರ ಹನಿ ನೀರನ್ನೂ ಬಿಡುತ್ತಿಲ್ಲ!

ಲೆಕ್ಕ ತಾಳೆಯಾಗದಿದ್ದರೆ ನಮ್ಮಂಥ ಕೆಲಸದವರಿಗೆ ನಿದ್ದೆ ಬರುವುದಿಲ್ಲ. ಅಂದು ರಾತ್ರಿ ಓದುತ್ತಾ ಕೂತೆ. ಎಲೆಯ ಮೈಗೆ ಮೇಣದಂಥ ಒಂದು ಪದರವಿದೆ. ಅದರ ಮೂಲಕ ನೀರು ಹೊರಹೋಗುವುದು ತೀರಾ ಕಡಿಮೆ. ಹೋಗುವುದೆಲ್ಲ ಬರಿಗಣ್ಣಿಗೆ ಕಾಣದ ಪತ್ರರಂಧ್ರಗಳಿಂದ. ಬಹಳಷ್ಟು ಗಿಡಗಳಲ್ಲಿ ಇವು ಎಲೆಯ ಕೆಳಮೈಯಲ್ಲೇ ಹೆಚ್ಚು. ಪ್ರತಿ ರಂಧ್ರದ ಎರಡು ಬದಿಗೂ ತುಟಿಗಳ ಹಾಗೆ ಎರಡು ಕಾವಲು ಕೋಶಗಳಿರುತ್ತವೆ. ಬೆಳಕು ಬಿದ್ದಾಗ ಅವು ಪೊಟ್ಯಾಸಿಯಂ ಅನ್ನು ಒಳಗೆಳೆದುಕೊಳ್ಳುತ್ತವೆ. ಅದರ ಹಿಂದೆ ನೀರು ನುಗ್ಗುತ್ತದೆ. ಕೋಶಗಳು ಉಬ್ಬಿ ಬಿಲ್ಲಿನಂತೆ ಬಾಗಿ, ನಡುವೆ ಬಾಯಿ ತೆರೆಯುತ್ತದೆ. ನೀರಿನ ಕೊರತೆಯಾದಾಗ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚಿ, ಪೊಟ್ಯಾಸಿಯಂ ಹೊರಹೋಗಿ, ಕೋಶಗಳು ಜೋತು ಬಾಯಿ ಮುಚ್ಚಿಕೊಳ್ಳುತ್ತದೆ.

ಕಷ್ಟವಿರುವುದು ಇಲ್ಲಿ. ಇಂಗಾಲದ ಡೈಆಕ್ಸೈಡು ಒಳಬರುವುದೂ ಅದೇ ಬಾಯಿಯಿಂದ. ತೆರೆದರೆ ನೀರು ಹೋಗುತ್ತದೆ, ಮುಚ್ಚಿದರೆ ಊಟ ನಿಲ್ಲುತ್ತದೆ. ಬೇರು ಹೀರಿದ ನೀರಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಭಾಗ ಹೀಗೆ ಗಾಳಿಗೆ ಹೋಗುತ್ತದೆ. ಅದು ದಂಡವೇನೂ ಅಲ್ಲ. ಎಲೆಯಿಂದ ನೀರು ಆವಿಯಾಗುತ್ತಾ ಹೋದಂತೆ ಅದರ ಎಳೆತಕ್ಕೆ ಬೇರಿನ ನೀರು ಮೇಲೇರುತ್ತದೆ. 1894ರಲ್ಲಿ ಡಿಕ್ಸನ್ ಮತ್ತು ಜೋಲಿ ಮುಂದಿಟ್ಟ ಈ ವಿವರಣೆಯನ್ನೇ ಇಂದು ಹೆಚ್ಚಿನವರು ಒಪ್ಪುತ್ತಾರೆ. ನಮ್ಮ ಜಗದೀಶಚಂದ್ರ ಬೋಸರದು ಬೇರೆ ಅಭಿಪ್ರಾಯವಾಗಿತ್ತು. ಕಾಂಡದೊಳಗಿನ ಜೀವಂತ ಕೋಶಗಳೇ ಮಿಡಿಯುತ್ತಾ ರಸವನ್ನು ಮೇಲಕ್ಕೆ ತಳ್ಳುತ್ತವೆ ಎಂದು ಅವರು 1923ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಅದು ನಿಲ್ಲಲಿಲ್ಲ. 1917ರಲ್ಲಿ ಅವರು ಇದೇ ಕೋಲ್ಕತ್ತಾದಲ್ಲಿ ಕಟ್ಟಿದ ಸಂಸ್ಥೆಯ ಒಂದು ಕ್ಯಾಂಪಸ್ ನಮ್ಮ ಪಕ್ಕದ ಸೆಕ್ಟರ್ ಫೈವ್‌ನಲ್ಲಿದೆ. ಆಫೀಸಿಗೆ ಹೋಗುವಾಗ ಅದರ ಬೋರ್ಡು ಕಂಡಾಗಲೆಲ್ಲ, ಅಷ್ಟು ದೊಡ್ಡವರೇ ಗಿಡದ ನೀರಿನ ವಿಷಯದಲ್ಲಿ ತಪ್ಪಿದ್ದಾರೆ, ನನ್ನದೇನು ಎಂದು ಸಮಾಧಾನ ಮಾಡಿಕೊಳ್ಳುತ್ತೇನೆ.

ಇನ್ನೊಂದು ವಿಷಯ ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ, ಗಾಳಿ. ಎಲೆಯೊಳಗಿನ ಗಾಳಿ ಸದಾ ತೇವದಿಂದ ತುಂಬಿರುತ್ತದೆ. ಹೊರಗಿನದು ಎಷ್ಟು ಒಣಗಿದ್ದರೆ ಅಷ್ಟು ಜೋರಾಗಿ ಆವಿ ಹೊರಹೋಗುತ್ತದೆ. ಜುಲೈ ತಿಂಗಳ ಕೋಲ್ಕತ್ತಾ ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಿಲ್ಲ. ಸ್ನಾನ ಮಾಡಿ ಬಂದ ಐದು ನಿಮಿಷಕ್ಕೇ ಮತ್ತೆ ಮೈಯೆಲ್ಲ ಬೆವರು, ಅದು ಆರುವುದೂ ಇಲ್ಲ. ಒಗೆದ ಬಟ್ಟೆ ಒಣಗದ ದಿನ ಗಿಡವೂ ಹೆಚ್ಚು ನೀರು ಕುಡಿಯುವುದಿಲ್ಲ. ಇಲ್ಲಿನ ರಸ್ತೆ ಬದಿಯ ಕೆಸುವಿನ ಎಲೆ ಬೆಳಗಿನ ಜಾವ ತುದಿಯಿಂದ ನೀರನ್ನು ಹನಿಹನಿಯಾಗಿಯೇ ಹೊರಹಾಕುತ್ತದೆ. ಆವಿಯಾಗಿ ಹೋಗದಿದ್ದಾಗ ಅದಕ್ಕದೊಂದು ದಾರಿ. ನಾನು ಏಪ್ರಿಲ್ ತಿಂಗಳ ಲೆಕ್ಕದ ನೀರನ್ನು, ಅದರ ಮೇಲೆ ಇನ್ನೊಂದು ಚೊಂಬನ್ನು, ಜುಲೈನಲ್ಲಿ ಸುರಿಯುತ್ತಿದ್ದೆ.

ಮಾರನೆಯ ಬೆಳಿಗ್ಗೆ ಇಷ್ಟನ್ನೂ ಅಮ್ಮನಿಗೆ ವಿವರಿಸಿದೆ. ಅವಳು ಮಾತಾಡದೆ ಬಾಲ್ಕನಿಗೆ ಬಂದು ಕೂತು, ಗಿಡವನ್ನು ಮಣ್ಣಿನ ಸಮೇತ ಎತ್ತಿ ಮೂಸಿದಳು. ಬೇರು ಕಪ್ಪಾಗಿ, ಮೆತ್ತಗಾಗಿ, ಕೊಳೆತ ವಾಸನೆ ಬರುತ್ತಿತ್ತು.

"ಬೇರಿಗೆ ಉಸಿರಾಡೋಕೆ ಜಾಗ ಬೇಡ್ವೇನೇ? ಬೇರು ಸತ್ತ ಮೇಲೆ ನೀರಲ್ಲೇ ನಿಂತಿದ್ರೂ ಎಲೆಗೆ ನೀರಿಲ್ಲ. ಅದಕ್ಕೇ ಬಾಡಿರೋದು."

"ನಿನಗೆ ಮೊದಲೇ ಗೊತ್ತಿತ್ತಾ?"

"ಹದಿನೈದು ದಿನದಿಂದ ಗೊತ್ತು."

"ಹೇಳಬಾರದಿತ್ತಾ ಅಮ್ಮ?"

ಕೊಳೆತ ಬೇರನ್ನು ಕತ್ತರಿಸುತ್ತಾ ತಲೆ ಎತ್ತದೆ ಹೇಳಿದಳು: "ನಿನ್ನ ಮನೆ, ನಿನ್ನ ಕುಂಡ. ನೀನು ಅಷ್ಟು ಆಸೆಯಿಂದ ನೀರು ಹಾಕ್ತಿದ್ದೆ. ನಾನೇನು ಹೇಳೋದು ಅಂತ ಸುಮ್ಮನಿದ್ದೆ."

ಆ ಮಾತಿಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಊರಿನ ಹಿತ್ತಲಿನಲ್ಲಾಗಿದ್ದರೆ "ಕೈ ತೆಗಿಯೇ ಅತ್ಲಾಗೆ" ಎಂದು ಚೊಂಬು ಕಿತ್ತುಕೊಳ್ಳುತ್ತಿದ್ದವಳು. ನನ್ನ ಮನೆಯಲ್ಲಿ ಒಂದು ಗಿಡ ಸಾಯುತ್ತಿದ್ದರೂ ಬಾಯಿ ಬಿಟ್ಟಿರಲಿಲ್ಲ.

ಆ ರಾತ್ರಿ ಮೊದಲ ಸಲ ನಾನು ಏನೂ ಕೊಡಿಸುವ ಮಾತಾಡದೆ ಅವಳ ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಅವಳೇ ಶುರು ಮಾಡಿದಳು. ಮಳೆ ಕೈಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ರಾಗಿ ಪೈರು ಎಲೆ ಸುರುಳಿ ಸುತ್ತಿಕೊಂಡು ನಿಲ್ಲುವುದು, ಸಂಜೆಗೆ ಬಿಚ್ಚಿಕೊಳ್ಳುವುದು. ಬದುವಿನ ಕತ್ತಾಳೆ ಎಂಥ ಬರಕ್ಕೂ ಜಗ್ಗದಿರುವುದು. ಕತ್ತಾಳೆ ಹಗಲೆಲ್ಲ ಬಾಯಿ ಮುಚ್ಚಿಕೊಂಡಿದ್ದು ರಾತ್ರಿ ತಂಪಿನಲ್ಲಿ ತೆರೆಯುತ್ತದೆ ಎಂದು ನಾನು ಓದಿದ್ದನ್ನು ಹೇಳಿದೆ. "ಮತ್ತೆ? ಒಂದೊಂದಕ್ಕೆ ಒಂದೊಂದು ಹೊತ್ತು" ಎಂದಳು. ಆಮೇಲೆ ಅಪ್ಪನ ಮಾತು ಬಂತು. ಬಾಗಿಲು ಹಾಕಿ ಬಂದ ಮನೆ, ಸರಿಯಾಗಿ ಕೀಳಿಸದ ತೆಂಗಿನಕಾಯಿ, ಅಪ್ಪನ ವರ್ಷದ ತಿಥಿ. "ಅದನ್ನ ಆ ಮನೇಲೇ ಮಾಡ್ಬೇಕು ಕಣೇ. ಆಮೇಲೆ ಒಂದಷ್ಟು ದಿನ ಅಲ್ಲೇ ಇರ್ತೀನಿ." ಬೇಡ ಎನ್ನಲು ಬಾಯಿಗೆ ಬಂದಿತ್ತು. ನುಂಗಿಕೊಂಡೆ.

ಹೊರಡುವ ಮುಂಚಿನ ವಾರಗಳಲ್ಲಿ ಅಮ್ಮ ಬೆಳಿಗ್ಗೆ ಐದೂವರೆಗೇ ಕೆಳಗಿಳಿಯತೊಡಗಿದಳು. ಕಾಂಪ್ಲೆಕ್ಸಿನ ಬಂಗಾಳಿ ಅಜ್ಜಿಯರು ಪೂಜೆಗೆ ಹೂ ಬಿಡಿಸುವ ಹೊತ್ತದು. ಅವರು ಜೊಬಾ ಎನ್ನುವುದು, ಇವಳು ದಾಸವಾಳ ಎನ್ನುವುದು, ಇಬ್ಬರೂ ನಗುವುದು. ಮಧ್ಯಾಹ್ನ ರೂಮಿನ ಬಾಗಿಲು ಮೊದಲಿನಂತೆಯೇ ಮುಚ್ಚುತ್ತಿತ್ತು. ಈಗ ನಾನು ತಟ್ಟುತ್ತಿರಲಿಲ್ಲ.

ಈಗ ಅಮ್ಮ ಅರಸೀಕೆರೆಯಲ್ಲಿದ್ದಾಳೆ. ಚಳಿಗಾಲಕ್ಕೆ ಬರುತ್ತೇನೆ ಎಂದಿದ್ದಾಳೆ. ಬಂದಾಳು, ಬರದೆಯೂ ಇದ್ದಾಳು. ಗಿಡ ಮರಳು ಬೆರೆಸಿದ ಹೊಸ ಮಣ್ಣಿನಲ್ಲಿದೆ. ಇದ್ದ ಎಲೆಗಳೆಲ್ಲ ಉದುರಿ ಬರೀ ಕಡ್ಡಿಯಾಗಿದ್ದದ್ದು ಐದು ವಾರದ ಮೇಲೆ ಎರಡು ಕಡೆ ಕಣ್ಣು ಬಿಟ್ಟಿತು. 1727ರಷ್ಟು ಹಿಂದೆಯೇ ಇಂಗ್ಲೆಂಡಿನ ಸ್ಟೀಫನ್ ಹೇಲ್ಸ್, ಕುಂಡದ ಬಾಯಿ ಮುಚ್ಚಿ ಸೂರ್ಯಕಾಂತಿ ಗಿಡವನ್ನು ದಿನದಿನವೂ ತೂಗಿ, ಎಲೆಯಿಂದ ಎಷ್ಟು ನೀರು ಹೋಗುತ್ತದೆಂದು ಅಳೆದು ಪ್ರಕಟಿಸಿದ್ದನಂತೆ. ಅದನ್ನೋದಿ ನಾನೂ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಗೆ ಕುಂಡವನ್ನು ನೇತುಹಾಕಿ ನೋಡುತ್ತೇನೆ. ತೂಕ ಇಳಿದಿದ್ದರೆ ಮಾತ್ರ ನೀರು.

ಅಮ್ಮನಿಗೆ ಇದು ತಮಾಷೆ. ನಿನ್ನೆ ಫೋನಿನಲ್ಲೂ ಕೇಳಿದಳು, "ತಕ್ಕಡಿ ಯಾಕೇ, ಬೆರಳಿಲ್ವಾ?"

ಹೊಸ ಚಿಗುರು ಇನ್ನೂ ಒಗ್ಗರಣೆಗೆ ಸಾಲುವಷ್ಟಿಲ್ಲ. ಕಾಯುತ್ತಿದ್ದೇನೆ.