ಮನೆಯ ಕೇಕು

ನಮ್ಮ ಅಡುಗೆಮನೆಯಲ್ಲಿ ಬೇಯಿಸುವುದುಂಟು, ಹುರಿಯುವುದುಂಟು, ಕರಿಯುವುದುಂಟು, ಹಬೆಯಲ್ಲಿಡುವುದುಂಟು, ಕೆಂಡದ ಮೇಲೆ ಸುಡುವುದೂ ಉಂಟು. ಇಲ್ಲದಿದ್ದುದು ಒಂದೇ: ನಾಲ್ಕು ಕಡೆಯೂ ಮುಚ್ಚಿದ ಗೂಡಿನೊಳಗೆ ಒಣ ಕಾವಿನಿಂದ ಹಿಟ್ಟನ್ನು ಉಬ್ಬಿಸಿ ಬೇಯಿಸುವ ಕ್ರಮ. ಸಾರಿನ ಹದ ತಾಯಿಯಿಂದ ಮಗಳಿಗೆ ಬಂದಿತು. ಹೋಳಿಗೆಯ ಕಣಕ ನಾದುವುದನ್ನು ಅತ್ತೆ ಸೊಸೆಗೆ ಕಲಿಸಿದಳು. ಕೇಕನ್ನು ಕಲಿಸತಕ್ಕವರು ಮಾತ್ರ ಮನೆಯಲ್ಲಿ ಯಾರೂ ಇರಲಿಲ್ಲ. ಈಚಿನ ಹತ್ತು ಹದಿನೈದು ವರ್ಷಗಳಲ್ಲಿ ಕೈಯ ಫೋನು ನಮ್ಮ ಅಡುಗೆಯ ಬೇರೆ ಯಾವ ಭಾಗಕ್ಕಿಂತಲೂ ಹೆಚ್ಚಾಗಿ ಇದೊಂದನ್ನು ಮಾರ್ಪಡಿಸಿರುವುದಕ್ಕೆ ಇದೇ ಕಾರಣವೆಂದು ನಮಗೆ ತೋರುತ್ತದೆ. ಗುರುವಿಲ್ಲದ ವಿದ್ಯೆಗೆ ಗುರುವೊಬ್ಬನು ದೊರೆತಂತಾಯಿತು. ಆ ಗುರುವು ಏನನ್ನು ಕಲಿಸಿದನು, ಏನನ್ನು ಕಲಿಸದೆ ಬಿಟ್ಟನು ಎಂಬುದನ್ನು ವಾಚಕರೊಡನೆ ಸ್ವಲ್ಪ ವಿಚಾರಮಾಡಬೇಕೆಂದು ನಮ್ಮ ಆಸೆ.

ಬೆಂಗಳೂರಿಗೆ ಕೇಕು ಹೊಸದಲ್ಲ. ದಂಡಿನಲ್ಲಿ ಇಂಗ್ಲಿಷಿನವರಿದ್ದ ಕಾಲದಿಂದಲೂ ಇಲ್ಲಿ ರೊಟ್ಟಿಯಂಗಡಿಗಳಿದ್ದುವು. ಹಾಸನ ಸೀಮೆಯಿಂದ ಬಂದ ಅಯ್ಯಂಗಾರ್ ಮನೆತನದವರೊಬ್ಬರು 1898ರಲ್ಲಿ ಚಿಕ್ಕಪೇಟೆಯ ಕಡೆ ಬೇಕರಿ ತೆರೆದರೆಂದು ಹೇಳುವರು. ಅವರ ತರುವಾಯ ಅದೇ ಸೀಮೆಯ ಅನೇಕರು ಬಡಾವಣೆ ಬಡಾವಣೆಗೂ ಅಂಗಡಿಗಳನ್ನು ಹರಡಿದರು. ಮೊಟ್ಟೆಯಿಲ್ಲದ ಕೇಕು, ದಿಲ್‌ಪಸಂದು, ಖಾರದ ಬನ್ನುಗಳು ಮಡಿವಂತರ ಮನೆಯ ಹೊಸ್ತಿಲನ್ನೂ ದಾಟಿದುವು. ಆದರೆ ಅವು ಬಂದುದು ಪೊಟ್ಟಣದಲ್ಲಿ. ಮಾಡುವ ವಿದ್ಯೆ ಬೇಕರಿಯ ಗೋಡೆಯ ಹಿಂದೆಯೇ ಉಳಿಯಿತು.

ಮನೆಯವರು ಯತ್ನಿಸದೆ ಇರಲಿಲ್ಲ. ಕುಕ್ಕರಿನ ತಳದಲ್ಲಿ ಮರಳನ್ನೋ ಉಪ್ಪನ್ನೋ ಹರಡಿ, ಸೀಟಿಯನ್ನೂ ರಬ್ಬರಿನ ಬಳೆಯನ್ನೂ ತೆಗೆದು, ಸಣ್ಣ ಉರಿಯಲ್ಲಿ ಕೇಕು ಬೇಯಿಸಿದ ಗೃಹಿಣಿಯರು ನಮ್ಮ ವಾಚಕರಲ್ಲಿಯೇ ಎಷ್ಟೋ ಮಂದಿ ಇರಬಹುದು. ಅನಂತರ ಮುಚ್ಚಳದಲ್ಲಿ ಗಾಜಿನ ಕಿಂಡಿಯುಳ್ಳ ದುಂಡನೆಯ ಅಲ್ಯೂಮಿನಿಯಂ ಓವನ್ನು ಬಂದಿತು. ಗಟ್ಟಿಹಾಲಿನ ಡಬ್ಬಿಯವರು ಹಂಚಿದ ಕಿರುಹೊತ್ತಗೆ, ಆರ್.ಟಿ. ನಗರದಲ್ಲಿಯೋ ಜಾಲಹಳ್ಳಿಯಲ್ಲಿಯೋ ಇದ್ದ ಕ್ರೈಸ್ತ ಗೆಳತಿ ಹೇಳಿ ಬರೆಯಿಸಿದ ಕ್ರಮ, ಮಾಸಪತ್ರಿಕೆಯಿಂದ ಕತ್ತರಿಸಿದ ತುಂಡು, ಇವೆಲ್ಲವೂ ಒಂದು ಎಣ್ಣೆಗಲೆಯ ನೋಟುಬುಕ್ಕಿನಲ್ಲಿ ಸೇರುತ್ತಿದ್ದುವು. ಕ್ರಮವಾಗಿ ಕಲಿಯಬೇಕೆಂಬವರಿಗೆ ಹೆಬ್ಬಾಳದಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಬೇಕರಿ ತರಬೇತಿ ಕೇಂದ್ರವಿದೆ. 1964ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾನಿಲಯವು ರೈತರಿಗೆ ರಾಗಿಯ ಹೊಸ ತಳಿಗಳನ್ನು ಕೊಟ್ಟಂತೆಯೇ ಪಟ್ಟಣದವರಿಗೆ ಬ್ರೆಡ್ಡು, ಬಿಸ್ಕತ್ತು, ಕೇಕುಗಳನ್ನು ಮಾಡುವ ಶಿಕ್ಷಣವನ್ನೂ ಕೊಡುತ್ತ ಬಂದಿದೆ. ಆದರೆ ವಾರಗಟ್ಟಲೆ ಮನೆಬಿಟ್ಟು ಹೋಗಿ ಕಲಿಯುವಷ್ಟು ಬಿಡುವು ಎಷ್ಟು ಜನ ಗೃಹಿಣಿಯರಿಗೆ ಉಂಟು?

ಇಂತಿರಲು ಚಲಿಸುವ ಚಿತ್ರಗಳು ಫೋನಿನೊಳಗೆ ಬಂದುವು. ಯೂಟ್ಯೂಬು ಹುಟ್ಟಿದ್ದು 2005ರಲ್ಲಿ, ಇನ್‌ಸ್ಟಾಗ್ರಾಮು 2010ರಲ್ಲಿ. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಹಿಂದಿಯಲ್ಲಿ, ಕೊನೆಗೆ ಅಚ್ಚಗನ್ನಡದಲ್ಲಿಯೂ ಯಾರೋ ಒಬ್ಬ ಗೃಹಿಣಿ ತನ್ನ ಅಡುಗೆಮನೆಯಲ್ಲಿ ನಿಂತು, ಮೊಸರಿಗೆ ಸೋಡ ಬೆರೆಸಿದರೆ ಮೊಟ್ಟೆಯಿಲ್ಲದೆಯೂ ಕೇಕು ಹೇಗೆ ಉಬ್ಬುವುದೆಂದು ಕೈಯಾರೆ ತೋರಿಸತೊಡಗಿದಳು. ಪುಸ್ತಕದಲ್ಲಿ ಹತ್ತು ಸಲ ಓದಿದರೂ ತಿಳಿಯದ ಸಂಗತಿ, ಬೆಣ್ಣೆ ಸಕ್ಕರೆಗಳನ್ನು ಎಷ್ಟು ಬೆಳ್ಳಗಾಗುವ ತನಕ ಕಡೆಯಬೇಕೆಂಬುದು, ಒಂದು ಸಲ ಕಣ್ಣಿನಿಂದ ನೋಡಿದರೆ ತಿಳಿದುಹೋಗುತ್ತದೆ. ಇದು ಸಣ್ಣ ಉಪಕಾರವಲ್ಲ.

2020ರ ಮಾರ್ಚಿಯಲ್ಲಿ ಕೊರೋನಾ ನಿಮಿತ್ತ ದೇಶವೆಲ್ಲ ಬಾಗಿಲು ಹಾಕಿಕೊಂಡಾಗ ಈ ವಿದ್ಯೆಗೆ ಪ್ರವಾಹವೇ ಬಂದಿತು. ಇಂಗ್ಲೆಂಡು ಅಮೆರಿಕಗಳಲ್ಲಿ ಅಂಗಡಿಗಳಿಂದ ಹಿಟ್ಟೂ ಯೀಸ್ಟೂ ಮಾಯವಾದುವು. ನಾವು ವಾಸಿಸುವ ಯಲಹಂಕದ ಕಡೆಯಲ್ಲಿಯೂ ಸಂಜೆಯಾದರೆ ಮಹಡಿ ಮಹಡಿಯಿಂದ ವೆನಿಲಾದ ವಾಸನೆ. ಆ ದಿನಗಳಲ್ಲಿ ಹವ್ಯಾಸಕ್ಕೆಂದು ಹಿಡಿದುದನ್ನು ಕೆಲವರು ಜೀವನೋಪಾಯ ಮಾಡಿಕೊಂಡರು. ಪತಿಯ ಕೆಲಸ ಹೋದ ಮನೆಯೊಂದು ಹಲವು ತಿಂಗಳು ನಡೆದುದು ಓವನ್ನಿನ ಆಧಾರದ ಮೇಲೆ ಎಂಬುದನ್ನು ನಾವು ಹತ್ತಿರದಿಂದ ಬಲ್ಲೆವು. ಆಕೆ ಅಂಗಡಿ ತೆರೆಯಲಿಲ್ಲ, ಬೋರ್ಡು ಹಾಕಲಿಲ್ಲ. ವಸತಿಸಮುಚ್ಚಯದ ವಾಟ್ಸಾಪು ಬಳಗದಲ್ಲಿ ಒಂದು ಚಿತ್ರವನ್ನು ಹಾಕಿದಳು, ಅಷ್ಟೇ.

ಗುರುವಿನ ಗುಣವನ್ನು ಹೇಳಿದುದಾಯಿತು. ಇನ್ನು ಕೊರತೆಯನ್ನೂ ಹೇಳಬೇಕಲ್ಲವೆ? ಚಿತ್ರವು ಕಣ್ಣಿಗೆ ಕಲಿಸುವುದೇ ಹೊರತು ತಕ್ಕಡಿಗೆ ಕಲಿಸುವುದಿಲ್ಲ. ಒಂದು ಕಪ್ಪು ಮೈದಾ ಎಂದು ಅದು ಹೇಳುತ್ತದೆ. ಅಮೆರಿಕದವರ ಕಪ್ಪು ಸುಮಾರು 240 ಮಿಲಿಲೀಟರು, ಆಸ್ಟ್ರೇಲಿಯದವರದು 250. ದೊಡ್ಡ ಚಮಚವು ಇತರರಿಗೆ 15 ಮಿಲಿಲೀಟರಾದರೆ ಆಸ್ಟ್ರೇಲಿಯದವರಿಗೆ 20. ನಮ್ಮ ಮನೆಯ ಕಾಫಿಯ ಬಟ್ಟಲು ಇವಾವುದಕ್ಕೂ ಸೇರಿದುದಲ್ಲ. ಒಂದೇ ಕಪ್ಪಿಗೆ ಮೈದಾವನ್ನು ಹಗುರವಾಗಿ ಸುರಿದರೆ 120 ಗ್ರಾಮು, ಅದುಮಿ ತುಂಬಿದರೆ 150 ಗ್ರಾಮು ಹಿಡಿಯುವುದು. ಇದಲ್ಲದೆ ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವು ಕಡಲತೀರಕ್ಕಿಂತ ಹತ್ತರಲ್ಲೊಂದು ಪಾಲು ಕಡಮೆ, ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. ಆದುದರಿಂದ ಹಿಟ್ಟಿನೊಳಗಿನ ಅನಿಲ ಬೇಗ ಹಿಗ್ಗುತ್ತದೆ. ಸೋಡ ಸ್ವಲ್ಪ ಹೆಚ್ಚಾದರೂ ಕೇಕು ಮೊದಲು ಎದ್ದು ಆಮೇಲೆ ನಡುವೆ ಕುಳಿಬೀಳುವುದು. ಮುಂಬಯಿಯ ಮನೆಯಲ್ಲಿ ತೆಗೆದ ಚಿತ್ರಕ್ಕೆ ಯಲಹಂಕದ ಗಾಳಿ ಹೇಗೆ ತಿಳಿಯಬೇಕು?

ಕಾಲದ ವಿಷಯದಲ್ಲಂತೂ ಈ ಗುರುವು ನಂಬತಕ್ಕವನಲ್ಲ. ಮುಕ್ಕಾಲು ಗಂಟೆ ಬೇಯುವುದನ್ನೂ, ಎರಡು ಗಂಟೆ ಆರಬೇಕಾದುದನ್ನೂ ಅರ್ಧ ನಿಮಿಷದೊಳಗೆ ಮುಗಿಸಿ ತೋರಿಸುತ್ತಾನೆ. ಕೆಲವು ಚಿತ್ರಗಳಲ್ಲಿ ತೋರಿಸುವ ಕ್ರಮದಿಂದ ಕೇಕು ಆಗುವುದೇ ಇಲ್ಲ. ಆಸ್ಟ್ರೇಲಿಯದಲ್ಲಿ ಆಹಾರಶಾಸ್ತ್ರವನ್ನು ಓದಿದ ಆನ್ ರಿಯರ್ಡನ್ ಎಂಬಾಕೆ ಅಂತಹವನ್ನು ತಾನೇ ಮಾಡಿ ನೋಡಿ, ಸುಳ್ಳನ್ನು ಬಯಲಿಗೆಳೆದು ಹೆಸರಾಗಿದ್ದಾಳೆ. ಕೇಕು ಕೆಟ್ಟಾಗ ತನ್ನ ಕೈಯನ್ನೇ ಹಳಿದುಕೊಳ್ಳುವ ಹೊಸ ಕಲಿಕೆಯವಳಿಗೆ ಇದು ದೊಡ್ಡ ಸಮಾಧಾನ.

ಆದರೂ ಇವೆಲ್ಲ ಅಭ್ಯಾಸದಿಂದ ತಿದ್ದಿಕೊಳ್ಳಬಹುದಾದ ಕೊರತೆಗಳು. ನಮ್ಮನ್ನು ನಿಜವಾಗಿ ಚಿಂತೆಗೀಡುಮಾಡುವುದು ಬೇರೊಂದು. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ನಮ್ಮ ಹಿರಿಯರು ಹೇಳಿದರು. ಉಡುವ ಬಟ್ಟೆ ಪರರ ಕಣ್ಣಿಗೆ ಒಪ್ಪಲಿ, ಉಣ್ಣುವುದು ಮಾತ್ರ ನಮ್ಮ ನಾಲಗೆಗೆ ಒಪ್ಪಿದರೆ ಸಾಕೆಂಬುದು ಅದರ ಅಭಿಪ್ರಾಯ. ಕೇಕಿನ ವಿಷಯದಲ್ಲಿ ಈಗ ಊಟವೂ ಪರರಿಚ್ಛೆಯಾಗಿದೆ. ಹೆಬ್ಬಾಳದ ಬಂಧುಗಳ ಮನೆಯಲ್ಲಿ ಒಂದು ಮಗುವಿನ ಹುಟ್ಟುಹಬ್ಬವನ್ನು ಕಂಡೆವು. ಮೂರು ಅಂತಸ್ತಿನ ಕೇಕು, ಮೇಲೆ ಸಕ್ಕರೆಯ ಆನೆ, ಸಕ್ಕರೆಯ ಕಾಡು. ಭಾವಚಿತ್ರಗಳು ಮುಗಿಯುವ ತನಕ ಅರ್ಧ ಗಂಟೆ ಮಗುವಿಗೆ ಚಾಕು ಕೊಡಲಿಲ್ಲ. ಆಮೇಲೆ ತಟ್ಟೆ ತಟ್ಟೆಯಲ್ಲಿಯೂ ಆ ಬಣ್ಣದ ಹೊದಿಕೆಯನ್ನು ಸುಲಿದು ಬದಿಗಿಟ್ಟು, ಒಳಗಿನ ಎರಡು ತುತ್ತನ್ನು ಮಾತ್ರ ತಿಂದರು. ಒಬ್ಬ ಹೆಂಗಸು ಇಡೀ ರಾತ್ರಿ ಕುಳಿತು ತೀಡಿದ ಆನೆ ಅದು.

ಬಣ್ಣದ ಮಾತು ಬರಿಯ ಅಂದಚೆಂದದ ಮಾತಲ್ಲ. 2024ರಲ್ಲಿ ರಾಜ್ಯದ ಆಹಾರ ಸುರಕ್ಷತೆಯ ಇಲಾಖೆಯು ಬೆಂಗಳೂರಿನ ಬೇಕರಿಗಳ 235 ಕೇಕುಗಳನ್ನು ಪರೀಕ್ಷಿಸಿದಾಗ 223 ಸುರಕ್ಷಿತವೆಂದೂ 12 ಅಸುರಕ್ಷಿತವೆಂದೂ ಕಂಡುಬಂದಿತು. ದೋಷವು ಕೃತಕ ಬಣ್ಣಗಳದು. ರೆಡ್ ವೆಲ್ವೆಟ್, ಬ್ಲಾಕ್ ಫಾರೆಸ್ಟ್ ಮೊದಲಾದುವನ್ನು ಇಲಾಖೆ ಹೆಸರಿಸಿ ಎಚ್ಚರಿಸಿತು. ಅವು ಅಂಗಡಿಯ ಕೇಕುಗಳು, ದಿಟ. ಆದರೆ ಚಿತ್ರದಲ್ಲಿರುವಷ್ಟೇ ಕೆಂಪು ಬೇಕೆಂದು ಗಿರಾಕಿ ಹಟಹಿಡಿದರೆ ಮನೆಯಲ್ಲಿ ಮಾಡುವವಳ ಕೈಯೂ ಬಣ್ಣದ ಸೀಸೆಯ ಕಡೆಗೇ ಹೋಗುವುದು. ಮೇಲಾಗಿ ಅದೇ ಗಿರಾಕಿ ಚಿತ್ರವನ್ನು ಮುಂದೆ ಹಿಡಿದು, ಇದರಂತೆಯೇ ಆಗಬೇಕು, ಬೆಲೆ ಮಾತ್ರ ಇದರ ಅರ್ಧ ಎನ್ನುವನು. ಬೆಣ್ಣೆ ಮೈದಾಗಳ ಲೆಕ್ಕವನ್ನು ಎಲ್ಲರೂ ಬಲ್ಲರು. ರಾತ್ರಿಯ ನಿದ್ದೆಯನ್ನು ಲೆಕ್ಕಕ್ಕೆ ಹಿಡಿಯುವವರು ಕಡಮೆ.

ಹಾಗಾದರೆ ಫೋನನ್ನು ಮುಚ್ಚಿಡಬೇಕೆ? ಅಂತಹ ಮಾತನ್ನು ನಾವು ಆಡೆವು. ತೆರೆದ ಬಾಗಿಲನ್ನು ಹಾಕಿಕೊಳ್ಳುವುದು ವಿವೇಕವಲ್ಲ. ಚಿತ್ರವನ್ನು ನೋಡಿ ಮೊದಲ ಪಾಠವನ್ನು ಕಲಿಯೋಣ. ಎರಡನೆಯ ಪಾಠಕ್ಕೆ ಗ್ರಾಮು ತೋರಿಸುವ ಒಂದು ತಕ್ಕಡಿಯನ್ನೂ, ಓವನ್ನಿನೊಳಗಿಡುವ ಒಂದು ಉಷ್ಣಮಾಪಕವನ್ನೂ ಕೊಳ್ಳೋಣ. ಪ್ರತಿಸಲ ಮಾಡಿದುದನ್ನು, ಎಷ್ಟು ಹಾಕಿದೆವು, ಎಷ್ಟು ಹೊತ್ತು ಬೆಂದಿತು, ಮಳೆಗಾಲವೋ ಬೇಸಗೆಯೋ ಎಂದು ನೋಟುಬುಕ್ಕಿನಲ್ಲಿ ಬರೆದಿಡೋಣ. ಮಾರುವವರು 2006ರ ಆಹಾರ ಸುರಕ್ಷತೆಯ ಕಾಯಿದೆಯಂತೆ ನೋಂದಾಯಿಸಿಕೊಳ್ಳತಕ್ಕದ್ದು. ಅದರಿಂದ ಅವರಿಗೆ ಗೌರವವೂ ಕೊಳ್ಳುವವರಿಗೆ ನಂಬಿಕೆಯೂ ಬರುವುದು. ಕೊಳ್ಳುವವರು ಚಿತ್ರವನ್ನು ತೋರಿಸುವುದಕ್ಕೆ ಬದಲಾಗಿ, ನಿಮ್ಮ ಕೈಗೆ ಯಾವುದು ಚೆನ್ನಾಗಿ ಬರುತ್ತದೆ ಎಂದು ಕೇಳಲಿ.

ಹಾಗೆ ಕೇಳಿದ ಮನೆಗಳಲ್ಲಿ ಆಗಲೇ ಒಳ್ಳೆಯ ಫಲ ಕಾಣುತ್ತಿದೆ. ರಾಗಿಹಿಟ್ಟಿಗೆ ಬೆಲ್ಲ, ಬೆಣ್ಣೆ, ಏಲಕ್ಕಿ ಸೇರಿಸಿದ ಕೇಕನ್ನು ನಾವು ತಿಂದು ನೋಡಿದ್ದೇವೆ. ಬಣ್ಣ ಮಣ್ಣಿನಂತಹುದು, ಭಾವಚಿತ್ರದಲ್ಲಿ ಅದಕ್ಕೆ ಶೋಭೆಯಿಲ್ಲ. ಆದರೆ ತಟ್ಟೆಯಲ್ಲಿ ಒಂದು ಚೂರೂ ಉಳಿಯಲಿಲ್ಲ. ಅದರ ಕ್ರಮವನ್ನು ಆ ಮನೆಯ ಮಗಳು ತಾಯಿಯಿಂದ ಬರೆದುಕೊಳ್ಳುತ್ತಿದ್ದಳು. ಕೇಕನ್ನು ಕಲಿಸತಕ್ಕವರು ಮನೆಯಲ್ಲಿ ಇಲ್ಲವೆಂಬ ಕಾಲವು ಹೀಗೆ ಮೆಲ್ಲಮೆಲ್ಲನೆ ಕಳೆಯುತ್ತಿದೆ.