ತಲೆಗೂದಲು, ಉಗುರುಬಣ್ಣ ಮತ್ತು ನಮ್ಮ ಅಕ್ಕ



ಈ ಸಲದ ಗೋಡೆ ಪತ್ರಿಕೆಯಲ್ಲಿ ‘ಅಂದ ಚೆಂದ’ ಅಂತ ಒಂದು ಮೂಲೆ ಇರಲಿ ಎಂದು ಏಳನೇ ತರಗತಿಯ ಹುಡುಗಿಯರೆಲ್ಲ ಸೇರಿ ಹಟ ಮಾಡಿದೆವು. ಹುಡುಗರು ನಕ್ಕರು. ನಗಲಿ ಬಿಡ್ರಿ. ಅವರ ತಲ್ಯಾಗೂ ಹೇನು ಅದಾವ, ಅವರ ಉಗುರಾಗೂ ಮಣ್ಣು ಐತಿ, ಅದಕ್ಕ ಅವರೂ ಓದಬೇಕು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಯಾಕಂದ್ರೆ ನಮ್ಮ ಮನೆಯಲ್ಲಿ ಐದು ಜನ ಹೆಣ್ಣುಮಕ್ಕಳು. ಅಜ್ಜಿ, ಅವ್ವ, ಅಕ್ಕ, ನಾನು ಮತ್ತು ತಂಗಿ. ಬೆಳಗಾಯಿತೆಂದರೆ ಒಂದು ಕನ್ನಡಿ, ಒಂದು ಹಣಿಗಿ, ಐದು ತಲೆ. ಆದ್ದರಿಂದ ಈ ವಿಷಯದಲ್ಲಿ ನನಗೆ ಅನುಭವ ಜಾಸ್ತಿ.

ಎಲ್ಲರೂ ಮೊದಲು ಕೇಳುವುದು ಯಾವ ಎಣ್ಣೆ, ಯಾವ ಶಾಂಪೂ ಅಂತ. ಮೊದಲು ಕೇಳಬೇಕಾದದ್ದು ಯಾವ ನೀರು ಅಂತ. ನಮ್ಮೂರ ಬೋರಿನ ನೀರು ಸವಳು. ಸಾಬೂನು ಎಷ್ಟು ತಿಕ್ಕಿದರೂ ನೊರೆ ಬರುವುದಿಲ್ಲ. ಬಿಳಿ ಗಸಿ ಬಂದು ಕೂದಲಿಗೆ ಅಂಟುತ್ತದೆ, ಒಣಗಿದ ಮೇಲೆ ಕೂದಲು ತೆಂಗಿನ ನಾರಿನಂಗ ಆಗುತ್ತದೆ. ಇದಕ್ಕೆ ಗಡಸು ನೀರು ಎನ್ನುತ್ತಾರೆ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಹೆಚ್ಚು ಇರುತ್ತದೆ, ಅವು ಸಾಬೂನಿನ ಜೊತೆ ಸೇರಿ ಗಸಿ ಆಗುತ್ತವೆ. ಮಾನ್ವಿಯಲ್ಲಿ ಇರುವ ನಮ್ಮ ಅತ್ತಿಯ ಕೂದಲು ಮಾತ್ರ ನುಣುಪು. ಆಕೆ ‘ನಮ್ಮ ಮನೆತನದ ಕೂದಲೇ ಹಿಂಗ’ ಅಂತ ಹೇಳಿಕೊಳ್ಳುತ್ತಾಳೆ. ಆದರೆ ಅವರ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರುತ್ತದೆ, ಅದು ಮೆತ್ತಗಿನ ನೀರು. ಮನೆತನದ್ದು ಏನೂ ಇಲ್ಲ. ನಮ್ಮ ದೇವದುರ್ಗದ ಕಡೆಗೂ ನಾರಾಯಣಪುರ ಬಲದಂಡೆ ಕಾಲುವೆ ಇದೆ. ನೀರು ಬಿಟ್ಟಾಗ ಎರಡು ಕೊಡ ತಂದು ಆ ನೀರಿನಿಂದ ತಲೆ ತೊಳೆದು ನೋಡಿರಿ, ಕೂದಲು ಎಷ್ಟು ಹಗುರ ಆಗುತ್ತದೆ. ಹಂಗಂತ ಕಾಲುವೆಯೊಳಗೆ ಇಳಿಯಬ್ಯಾಡ್ರಿ, ಸೆಳವು ಬಾಳ ಇರ್ತದ. ಮಳೆ ನೀರೂ ನಡೆಯುತ್ತದೆ. ಬೇಸಿಗೆಯಲ್ಲಿ ಕಾಲುವೆ ಬಂದ್, ಮಳೆಯೂ ಇಲ್ಲ. ಆಗ ಸೀಗೆಕಾಯಿ ಇಲ್ಲವೆ ಅಂಟುವಾಳ ಒಳ್ಳೆಯದು. ಅವು ಸಾಬೂನು ಅಲ್ಲ, ಆದ್ದರಿಂದ ಸವಳು ನೀರಿನಲ್ಲೂ ಗಸಿ ಕಟ್ಟುವುದಿಲ್ಲ. ಕಣ್ಣಿಗೆ ಬಿದ್ದರೆ ಉರಿ ಮಾತ್ರ ದೇವರೇ ಬಲ್ಲ.

ಇನ್ನು ಹೇನು. ಇದನ್ನು ಬರೆಯಲು ಯಾರೂ ಒಪ್ಪಲಿಲ್ಲ, ನಾನು ಬರೀತೀನಿ. ಹೇನು ಹಾರುವುದಿಲ್ಲ, ಜಿಗಿಯುವುದಿಲ್ಲ. ತಲೆಗೆ ತಲೆ ತಾಗಿದಾಗ ನಡಕೊಂತ ಬರುತ್ತದೆ. ನಾವು ಮೂರು ಮೂರು ಮಂದಿ ಒಂದೇ ಪುಸ್ತಕ ಹಿಡಕೊಂಡು ತಲೆ ಕೂಡಿಸಿ ಓದುತ್ತೇವಲ್ಲ, ಅದಕ್ಕೆ ಅಷ್ಟೇ ಸಾಕು. ಹೊಲಸು ಇದ್ದವರಿಗೇ ಹೇನು ಆಗುತ್ತದೆ ಅನ್ನುವುದು ಸುಳ್ಳು. ದಿನಾ ಜಳಕ ಮಾಡುವವರಿಗೂ ಆಗುತ್ತದೆ, ಆದ್ದರಿಂದ ಯಾರನ್ನೂ ಬೇರೆ ಕೂಡ್ರಿಸಬ್ಯಾಡ್ರಿ. ಸೀರು ಅಂದರೆ ಹೇನಿನ ತತ್ತಿ. ಅದು ಒಡೆಯಲು ಏಳರಿಂದ ಹತ್ತು ದಿನ ಬೇಕು. ಒಂದು ದಿನ ಬಾಚಿ, ಹೋಯಿತು ಅಂತ ಬಿಟ್ಟರೆ ಮುಂದಿನ ವಾರ ಹೊಸ ಹೇನು. ಎಣ್ಣೆ ಹಚ್ಚಿ ಸೀರಣಿಗೆಯಿಂದ ದಿನ ಬಿಟ್ಟು ದಿನ, ಎರಡು ವಾರ ಬಾಚಬೇಕು. ಮನೆಯವರೆಲ್ಲ ಒಟ್ಟಿಗೆ ಬಾಚಬೇಕು.

ನಮ್ಮ ಕಡೆ ಎಣ್ಣಿ ಅಂದ್ರ ಎರಡು. ಒಂದು ತಲೆಗೆ ಹಚ್ಚುವ ಎಣ್ಣಿ, ಇನ್ನೊಂದು ಹತ್ತಿಗೆ, ಮೆಣಸಿನಗಿಡಕ್ಕೆ ಹೊಡೆಯುವ ಎಣ್ಣಿ. ಈ ಎರಡನೆಯದನ್ನೂ ಹೇನು ಸಾಯಲಿ ಅಂತ ತಲೆಗೆ ಹಚ್ಚುವವರು ಇದ್ದಾರೆ. ಅದು ವಿಷ. ತಲೆಯ ಚರ್ಮದಿಂದ ಮೈಯೊಳಗೆ ಇಳಿಯುತ್ತದೆ, ವಾಂತಿ ಆಗುತ್ತದೆ, ಜೀವಕ್ಕೇ ಅಪಾಯ. ಸೀಮೆಎಣ್ಣೆಯೂ ಬೇಡ, ಚರ್ಮ ಸುಡುತ್ತದೆ, ಒಲೆಯ ಹತ್ತಿರ ಹೋದರೆ ಬೆಂಕಿ. ಇದನ್ನು ಕೆಂಪು ಪೆನ್ನಿನಿಂದ ಬರೆಯಿರಿ ಅಂತ ಅಕ್ಷರ ಚೆಂದ ಇರುವ ಗೆಳತಿಗೆ ಹೇಳಿದ್ದೇನೆ.

ಕೂದಲು ಉದುರುವುದಕ್ಕೆ ಎಲ್ಲರೂ ಹೆದರುತ್ತಾರೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲು ಇರುವಾಗ ಅಷ್ಟು ಹೋದರೆ ಏನೂ ಆಗುವುದಿಲ್ಲ. ಟೈಫಾಯಿಡ್‌ನಂಥ ದೊಡ್ಡ ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಬಹಳ ಉದುರುತ್ತದೆ, ಆಮೇಲೆ ತಾನೇ ಬರುತ್ತದೆ. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಯಾವ ಎಣ್ಣೆ ಹಚ್ಚಿದರೂ ವಾರದಲ್ಲಿ ಗೇಣು ಬೆಳೆಯುವುದಿಲ್ಲ, ಬಾಟಲಿಯ ಮೇಲೆ ಏನೇ ಬರೆದಿರಲಿ.

ಬಿದ್ದ ಕೂದಲನ್ನು ನಮ್ಮ ಅಜ್ಜಿ ಒಗೆಯುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಸಂದಿಯಲ್ಲಿ ತುರುಕುತ್ತಾಳೆ. ‘ಕೂದ್ಲಾ... ಕೂದ್ಲಾ...’ ಅಂತ ಕೂಗಿಕೊಂಡು ಗಾಡಿಯವನು ಬಂದಾಗ ಎಲ್ಲ ಉಂಡೆ ತೆಗೆದು ಕೊಟ್ಟರೆ ಪಿನ್ನು, ರಿಬ್ಬನ್ನು, ಬಲೂನು, ಬಹಳ ಇದ್ದರೆ ಸ್ಟೀಲಿನ ಬಟ್ಟಲು. ಈ ಕೂದಲು ಎಲ್ಲಿಗೆ ಹೋಗುತ್ತದೆ ಗೊತ್ತೇನು? ಕೊಪ್ಪಳದ ಮಗ್ಗುಲಿಗೆ ಭಾಗ್ಯನಗರ ಅಂತ ಊರಿದೆ. ಕೂದಲಿನ ಉದ್ಯೋಗಕ್ಕೇ ಹೆಸರಾದ ಊರು. ಅಲ್ಲಿ ಹೆಣ್ಣುಮಕ್ಕಳು ಕೂತು ನಮ್ಮ ಉಂಡೆಗಳ ಗಂಟು ಬಿಡಿಸುತ್ತಾರೆ, ಉದ್ದ ನೋಡಿ ಬೇರೆ ಬೇರೆ ಮಾಡುತ್ತಾರೆ, ತೊಳೆದು ಕಟ್ಟು ಕಟ್ಟುತ್ತಾರೆ. ಅದು ಹೊರದೇಶಕ್ಕೆ ಹೋಗಿ ವಿಗ್ ಆಗುತ್ತದೆ. ನಮ್ಮ ಅಜ್ಜಿಯ ಬಿಳಿಕೂದಲು ಯಾರ ತಲೆಯ ಮೇಲೆ ಕೂತಿದೆಯೋ ಏನೋ!

ಹೋದ ವರ್ಷ ಮಳೆಗಾಲದಲ್ಲಿ ನಮ್ಮ ಮನೆಯ ಸಂದಿ ಲಗೂನ ತುಂಬಿತು. ತುಂಬಿಸಿದವಳು ಅಕ್ಕ. ಅಕ್ಕ ದೇವದುರ್ಗದಲ್ಲಿ ಪಿಯುಸಿ ಓದುತ್ತಾಳೆ, ದಿನಾ ಬಸ್ಸಿಗೆ ಹೋಗಿ ಬರುತ್ತಾಳೆ. ಆಕೆಯ ಜಡೆ ಸೊಂಟದ ಕೆಳಗೆ ಇತ್ತು, ಅದು ಬರಬರುತ್ತ ಇಲಿಯ ಬಾಲದಂಗ ಆಯಿತು. ಗಾಡಿಯವನು ಬಂದಾಗ ಆಕೆಯ ಕೂದಲಿಗೆ ಒಂದು ಕೆಂಪು ನೇಲ್‌ಪಾಲಿಶ್ ಬಾಟಲಿ ಬಂತು. ಅಕ್ಕ ಕುಶಿಯಾಗಿ ಹತ್ತೂ ಬೆರಳಿಗೆ ಹಚ್ಚಿಕೊಂಡಳು, ನಮಗೂ ಕಿರುಬೆರಳಿಗೆ ಹಚ್ಚಿದಳು.

ನೇಲ್‌ಪಾಲಿಶ್ ಬಗ್ಗೆ ಹೇಳುವುದು ಬಹಳ ಇಲ್ಲ. ತೆಳ್ಳಗೆ ಎರಡು ಸಲ ಹಚ್ಚಬೇಕು, ಮೊದಲಿನದು ಪೂರಾ ಒಣಗಿದ ಮೇಲೆ ಎರಡನೆಯದು. ದಪ್ಪ ಹಚ್ಚಿದರೆ ಸಿಪ್ಪೆ ಏಳುತ್ತದೆ. ಒಲೆಯ ಮುಂದೆ ಕೂತು ಹಚ್ಚಬಾರದು, ಅದಕ್ಕೆ ಪಟ್ಟನೆ ಬೆಂಕಿ ಹತ್ತುತ್ತದೆ. ತೆಗೆಯುವ ರಿಮೂವರ್ ನಮ್ಮೂರ ಅಂಗಡಿಯಲ್ಲಿ ಸಿಗುವುದಿಲ್ಲ, ರಾಯಚೂರಿನ ತೀನ್ ಕಂದೀಲಿಗೇ ಹೋಗಬೇಕು. ಬ್ಲೇಡಿನಿಂದ ಕೆರೆಯಬ್ಯಾಡ್ರಿ. ಹಳೇ ಬಣ್ಣದ ಮೇಲೆ ಅದೇ ಬಣ್ಣ ಹಸಿಯಾಗಿ ಹಚ್ಚಿ, ಒಣಗುವ ಮೊದಲೇ ಹತ್ತಿಯಿಂದ ಜೋರಾಗಿ ಒರೆಸಿರಿ. ಹೊಸದರ ಜೊತೆಗೆ ಹಳೆಯದೂ ಕರಗಿ ಬರುತ್ತದೆ. ಹತ್ತಿಗೆ ನಮ್ಮಲ್ಲಿ ಏನು ಬರ? ಆದರೆ ಹತ್ತಿ ಬಿಡಿಸುವ ದಿನಗಳಲ್ಲಿ ಬಣ್ಣ ಹಚ್ಚಿ ಉಪಯೋಗವಿಲ್ಲ, ಕಾಯಿಯ ಚೂಪು ತಾಗಿ ಎರಡೇ ದಿನದಲ್ಲಿ ಕಿತ್ತು ಹೋಗುತ್ತದೆ. ಮೆಣಸಿನಕಾಯಿ ತೊಟ್ಟು ಮುರಿಯುವಾಗ ಉದ್ದ ಉಗುರು ಇದ್ದರೆ ಸಂದಿಯಲ್ಲಿ ಖಾರ ಸೇರಿ ರಾತ್ರಿಯೆಲ್ಲ ಉರಿ. ಅವ್ವನದು ಒಂದೇ ಕಾನೂನು, ‘ರೊಟ್ಟಿ ಬಡಿಯೋ ಕೈಗೆ ಬಣ್ಣ ಬ್ಯಾಡ.’ ಆದ್ದರಿಂದ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯಲು ಬಾರದ ತಂಗಿಯೇ ಸುಖಿ.

ಉಗುರು ಎಷ್ಟು ಬೆಳೆಯುತ್ತದೆ ಅನ್ನುವುದನ್ನು ನಾನು ಅಜ್ಜಿಯ ಬೆರಳಿನಲ್ಲಿ ಅಳೆದಿದ್ದೇನೆ. 2024ರ ಮೇ 7ರಂದು ನಮ್ಮಲ್ಲಿ ಲೋಕಸಭೆಗೆ ಮತದಾನ ಆಯಿತು. ಅಜ್ಜಿಯ ಎಡಗೈ ತೋರುಬೆರಳಿಗೆ ಶಾಯಿ ಹಚ್ಚಿದರು. ಆ ಶಾಯಿ ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುತ್ತದೆ, 1962ರ ಚುನಾವಣೆಯಿಂದ ಬಳಕೆಯಲ್ಲಿದೆ. ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುವುದರಿಂದ ತಿಕ್ಕಿದರೆ ಹೋಗುವುದಿಲ್ಲ. ಚರ್ಮದ ಮೇಲಿನದು ಕೆಲವು ವಾರದಲ್ಲಿ ಹೋಯಿತು. ಉಗುರಿನ ಮೇಲಿನ ಕಪ್ಪು ಗೆರೆ ತಿಂಗಳಿಗೆ ಎರಡು ಮೂರು ಮಿಲಿಮೀಟರ್‌ನಂತೆ ಮುಂದೆ ಮುಂದೆ ಹೋಗಿ, ದಸರೆಯ ಹೊತ್ತಿಗೆ ತುದಿ ಮುಟ್ಟಿತು. ‘ನನ್ನ ಓಟು ಈಗ ಮುಗೀತವ್ವ’ ಅಂತ ಅಜ್ಜಿ ಉಗುರು ಕತ್ತರಿಸಿದಳು.

ಈಗ ಅಕ್ಕನ ವಿಷಯ. ಇದನ್ನು ಬರೆಯಲೇನು ಅಂತ ಆಕೆಯನ್ನು ಕೇಳಿದೆ. ‘ಬರಿ, ಹೆಸರು ಮಾತ್ರ ಹಾಕಬ್ಯಾಡ’ ಎಂದಳು.

ಅಕ್ಕನ ಕೂದಲು ಉದುರುವುದು ನೋಡಿ ಮನೆಯಲ್ಲಿ ದಿನಾ ಅದೇ ಮಾತು. ಅತ್ತಿ ಮಾನ್ವಿಯಿಂದ ಬಂದಾಗ ಜಡೆ ಹಿಡಿದು ನೋಡಿ, ‘ಹಿಂಗಾದ್ರ ನೋಡಾಕ ಬಂದವರು ಏನಂದಾರು?’ ಎಂದಳು. ತೀನ್ ಕಂದೀಲಿನಿಂದ ಒಂದು ದೊಡ್ಡ ಬಾಟಲಿ ಎಣ್ಣೆ ತರಿಸಿದಳು. ಅಪ್ಪನ ಎರಡು ದಿನದ ಕೂಲಿ ಅದಕ್ಕೇ ಹೋಯಿತು. ಎಣ್ಣೆಗೆ ವಾಸನೆ ಚೆನ್ನಾಗಿತ್ತು, ಕೂದಲು ಉದುರುವುದು ಉದುರಿತು. ಅಷ್ಟರಲ್ಲಿ ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತಿತ್ತು. ಒಂದು ದಿನ ಬಸ್ಸಿಗೆ ನಿಂತಲ್ಲೇ ಕಣ್ಣು ಕತ್ತಲೆ ಬಂದು ಕುಸಿದಳು. ‘ಕಾಲೇಜು ಸಾಕು, ಮನ್ಯಾಗ ಇರಲಿ’ ಎಂದು ಅಪ್ಪ ಹೇಳಿದ. ಅಕ್ಕ ಎರಡು ವಾರ ಹೋಗಲಿಲ್ಲ. ಪುಸ್ತಕ ಎಲ್ಲ ಚೀಲದಲ್ಲೇ ಇದ್ದವು. ಆಕೆ ಏನೂ ಮಾತಾಡುತ್ತಿರಲಿಲ್ಲ, ಮಧ್ಯಾಹ್ನ ಬಾಗಿಲಲ್ಲಿ ಕೂತು ಉಗುರಿಗೆ ಬಣ್ಣ ಹಚ್ಚುತ್ತಿದ್ದಳು, ಒರೆಸುತ್ತಿದ್ದಳು, ಮತ್ತೆ ಹಚ್ಚುತ್ತಿದ್ದಳು. ನನಗೆ ಅದನ್ನು ನೋಡುವುದು ಆಗುತ್ತಿರಲಿಲ್ಲ.

ಲಸಿಕೆ ಹಾಕುವ ದಿನ ನರ್ಸಮ್ಮ ಅಂಗನವಾಡಿಗೆ ಬಂದಿದ್ದರು. ಅವ್ವ ಅಕ್ಕನನ್ನು ಕರೆದುಕೊಂಡು ಹೋದಳು, ನಾನೂ ಹಿಂದೆ ಹೋದೆ. ನರ್ಸಮ್ಮ ಕೂದಲು ನೋಡಲೇ ಇಲ್ಲ. ಕಣ್ಣಿನ ಕೆಳ ರೆಪ್ಪೆ ಎಳೆದು ನೋಡಿದರು, ನಾಲಿಗೆ ನೋಡಿದರು, ಕೈ ಹಿಡಿದು ‘ಈ ಬಣ್ಣ ತೆಗಿ ತಂಗಿ, ಉಗುರು ಕಾಣವಲ್ದು’ ಎಂದರು. ಒರೆಸಿದರೆ ಉಗುರು ಸುಣ್ಣದಂಗ ಬೆಳ್ಳಗೆ. ಎರಡು ಉಗುರು ನಡುವೆ ತಗ್ಗು ಬಿದ್ದು ಚಮಚದಂಗ ಆಗಿದ್ದವು. ನರ್ಸಮ್ಮ ಅದರ ಮೇಲೆ ಒಂದು ಹನಿ ನೀರು ಬಿಟ್ಟರು. ಹನಿ ಕೆಳಗೆ ಹರಿಯದೆ ಅಲ್ಲೇ ನಿಂತಿತು. ‘ರಕ್ತದಾಗ ಕಬ್ಬಿಣ ಇಲ್ಲ, ಅದಕ್ಕ ಕೂದ್ಲ ಉದುರ್ತಾವ’ ಎಂದರು. ಬೆರಳು ಚುಚ್ಚಿ ನೋಡಿದಾಗ ಹಿಮೋಗ್ಲೋಬಿನ್ 7.4. ಹೆಣ್ಣುಮಕ್ಕಳಿಗೆ 12 ಇರಬೇಕು, 8ಕ್ಕಿಂತ ಕೆಳಗೆ ಹೋದರೆ ಬಹಳ ಕಡಿಮೆ ಅಂತ ಲೆಕ್ಕ. ಮರುದಿನವೇ ದೇವದುರ್ಗದ ದವಾಖಾನೆಗೆ ಕಳಿಸಿದರು.

ಕೊರೊನಾ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಮಷಿನ್ ಬಂದಿತ್ತಲ್ಲ, ಉಸಿರಿನ ಅಳತೆಯದು, ಅದು ಸಹ ನೇಲ್‌ಪಾಲಿಶ್ ಇದ್ದರೆ ಕೆಲವು ಸಲ ತಪ್ಪು ತೋರಿಸುತ್ತದೆ. ಆದ್ದರಿಂದ ದವಾಖಾನೆಗೆ ಹೋಗುವಾಗ ಒಂದೆರಡು ಬೆರಳಾದರೂ ಬರಿದು ಇರಲಿ. ಪಂಚಮಿಗೆ ಗೋರಂಟಿ ಹಚ್ಚಿದ ಉಗುರಿನಲ್ಲಿ ಸಹ ಬಿಳುಪು ಕಾಣುವುದಿಲ್ಲ, ಅದನ್ನು ಒರೆಸಲೂ ಆಗುವುದಿಲ್ಲ. ಆಗ ಕಣ್ಣಿನ ರೆಪ್ಪೆ ನೋಡಬೇಕು.

ದವಾಖಾನೆಯಲ್ಲಿ ಅಕ್ಕನಿಗೆ ಕಬ್ಬಿಣದ ಗುಳಿಗಿ, ಜಂತುಹುಳದ ಗುಳಿಗಿ ಕೊಟ್ಟರು. ಅದಕ್ಕೆ ಒಂದು ರೂಪಾಯಿ ಸಹ ತೆಗೆದುಕೊಳ್ಳಲಿಲ್ಲ. ಕೊಕ್ಕೆಹುಳ ಅಂತ ಒಂದು ಇದೆ, ಬರಿಗಾಲಲ್ಲಿ ಹೊಲಕ್ಕೆ ಹೋದರೆ ಅಂಗಾಲಿನಿಂದ ಒಳಗೆ ಹೋಗಿ ಕರುಳಿನಲ್ಲಿ ಕೂತು ರಕ್ತ ಕುಡಿಯುತ್ತದೆ. ನಮ್ಮ ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಗುಳಿಗಿ ಇದೆಯಲ್ಲ, ಅದೂ ಕಬ್ಬಿಣದ್ದೇ. ಕೆಲವರು ಅದನ್ನು ನಾಲಿಗೆ ಕೆಳಗೆ ಇಟ್ಟುಕೊಂಡು ಹೋಗಿ ಕಿಟಕಿಯ ಹೊರಗೆ ಉಗುಳುತ್ತಾರೆ. ಹೆಸರು ಹೇಳುವುದಿಲ್ಲ, ಕಿಟಕಿಯ ಕೆಳಗಿನ ನೆಲ ಹೇಳುತ್ತದೆ. ಗುಳಿಗಿ ನುಂಗಿದರೆ ಸಂಡಾಸ ಕಪ್ಪಗೆ ಬರುತ್ತದೆ, ಹೆದರಬ್ಯಾಡ್ರಿ. ಊಟ ಆದ ಮೇಲೆ ನುಂಗಿದರೆ ಹೊಟ್ಟೆ ತೊಳಸುವುದಿಲ್ಲ. ಮೇಲೆ ಚಹಾ ಕುಡಿಯಬಾರದು, ಚಹಾ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಲಿಂಬೆಹಣ್ಣು, ಪೇರಲ, ನೆಲ್ಲಿಕಾಯಿ ತಿಂದರೆ ಹತ್ತುತ್ತದೆ. ನಮ್ಮ ಮನೆಯಲ್ಲಿ ಊಟ ಆದ ಕೂಡಲೇ ಚಹಾ ಕುಡಿಯುವ ರೂಢಿ ಇತ್ತು, ಅಕ್ಕನ ಸಲುವಾಗಿ ಎಲ್ಲರದೂ ಬಂದ್ ಆಯಿತು. ಅಪ್ಪನಿಗೆ ಮಾತ್ರ ಅದು ಬಹಳ ಕಷ್ಟ.

ಮೊಟ್ಟೆಯ ಬಗ್ಗೆ ಹೇಳಲೇಬೇಕು. ಹಳೇ ವಾರಪತ್ರಿಕೆಯೊಂದರಲ್ಲಿ ತಲೆಗೆ ಮೊಟ್ಟೆ ಹಚ್ಚಿದರೆ ಕೂದಲು ಹೊಳೆಯುತ್ತದೆ ಎಂದು ಬರೆದಿತ್ತು. ಅಕ್ಕ ಎರಡು ಮೊಟ್ಟೆ ಒಡೆದು ಬಟ್ಟಲಲ್ಲಿ ಹಾಕಿಕೊಂಡು ಕೂತಾಗ ಅಜ್ಜಿ ಬಂದು ಬಟ್ಟಲು ಕಸಿದುಕೊಂಡಳು. ‘ಕೂದ್ಲಿಗೆ ಬಾಯಿ ಐತೇನು ತಿನ್ನಾಕ?’ ಅಂತ ಉಳ್ಳಾಗಡ್ಡಿ ಹಾಕಿ ಹುರಿದು ಅಕ್ಕನ ಮುಂದೆ ಇಟ್ಟಳು. ಅಜ್ಜಿ ಶಾಲೆಗೆ ಹೋದವಳಲ್ಲ, ಆದರೂ ಆಕೆಯ ಮಾತೇ ನಿಜ. ಚರ್ಮದ ಹೊರಗಿನ ಕೂದಲಿಗೆ ಜೀವ ಇಲ್ಲ, ಅದಕ್ಕೇ ಕತ್ತರಿಸಿದರೆ ನೋಯುವುದಿಲ್ಲ. ಜೀವ ಇರುವುದು ಒಳಗಿನ ಬೇರಿನಲ್ಲಿ, ಬೇರಿಗೆ ಊಟ ಹೋಗುವುದು ರಕ್ತದಿಂದ. ನಾನು ಮೂರನೇ ತರಗತಿಯಲ್ಲಿದ್ದಾಗ, 2021ರ ಡಿಸೆಂಬರ್‌ನಲ್ಲಿ, ರಾಯಚೂರು ಜಿಲ್ಲೆಯ ಶಾಲೆಗಳಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಶುರುವಾಯಿತು, ತಿನ್ನದವರಿಗೆ ಬಾಳೆಹಣ್ಣು. 2024ರಿಂದ ವಾರಕ್ಕೆ ಆರು ದಿನ ಆಯಿತು. ಕಾಲೇಜಿಗೆ ಹೋದ ಮೇಲೆ ಅಕ್ಕನಿಗೆ ಅದೂ ಇಲ್ಲ, ಬೆಳಿಗ್ಗೆ ಚಹಾ ಕುಡಿದು ಬಸ್ಸಿಗೆ ಓಡುತ್ತಿದ್ದಳು. ಈಗ ಅವ್ವ ಡಬ್ಬಿಯಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಇಲ್ಲವೆ ಹೆಸರುಕಾಳು ಕಟ್ಟುತ್ತಾಳೆ. ಅರ್ಧ ಲಿಂಬೆಹಣ್ಣು ಬೇರೆ.

ಒಂದು ತಿಂಗಳ ಮೇಲೆ ನೋಡಿದಾಗ 8.9 ಆಗಿತ್ತು. ಅಪ್ಪ ಚೀಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ‘ಮತ್ತ ಬಸ್ ಪಾಸ್ ಮಾಡಿಸಬೇಕಲ್ಲ’ ಎಂದ. ಅಕ್ಕ ಸೋಮವಾರದಿಂದ ಕಾಲೇಜಿಗೆ ಹೋದಳು. ಕೂದಲು ಇನ್ನೂ ಉದುರುತ್ತದೆ, ನಿಲ್ಲಲು ತಿಂಗಳುಗಟ್ಟಲೆ ಬೇಕು ಅಂತ ಡಾಕ್ಟರ್ ಹೇಳಿದ್ದಾರೆ. ನೆತ್ತಿಯ ಮೇಲೆ ಹೊಸ ಸಣ್ಣ ಕೂದಲು ಎದ್ದು ನಿಂತಿವೆ, ಎಣ್ಣೆ ಹಚ್ಚಿ ತೀಡಿದರೂ ಕೂಡುವುದಿಲ್ಲ. ಅತ್ತಿಗೆ ಅದು ಚೆಂದ ಕಾಣುವುದಿಲ್ಲವಂತೆ. ನಮಗೆ ಕಾಣುತ್ತದೆ. ನೇಲ್‌ಪಾಲಿಶ್ ಬಾಟಲಿಯಲ್ಲಿ ಇನ್ನೂ ಅರ್ಧ ಇದೆ. ಅಕ್ಕ ಈಗ ಎಡಗೈಯ ನಾಲ್ಕು ಬೆರಳಿಗೆ ಹಚ್ಚಿ ಹೆಬ್ಬೆರಳು ಬಿಡುತ್ತಾಳೆ. ಭಾನುವಾರ ತಲೆ ತೊಳೆದ ಮೇಲೆ ನಾವು ಮೂವರೂ ಬಿಸಿಲಿಗೆ ಕೂತು ಹೆಬ್ಬೆರಳು ಕೂಡಿಸಿ ಬಣ್ಣ ನೋಡುತ್ತೇವೆ. ತಂಗಿಯದು ಗುಲಾಬಿ, ನನ್ನದೂ ಗುಲಾಬಿ, ಅಕ್ಕನದು ಇನ್ನೂ ಸ್ವಲ್ಪ ಬಿಳಿ. ಮುಂದಿನ ತಪಾಸಣೆ ಬರುವ ತಿಂಗಳು ಇದೆ.

— 7ನೇ ತರಗತಿಯ ವಿದ್ಯಾರ್ಥಿನಿ