ಕಡಲು ಕೊಟ್ಟದ್ದಕ್ಕೆ ಅಂಕ

ಮಂಗಳೂರಿನ ಉತ್ತರಕ್ಕಿರುವ ಪಣಂಬೂರಿನ ಮರಳದಂಡೆ ಸಂಜೆಯ ವಿಹಾರಿಗಳಿಗೆ ಚಿರಪರಿಚಿತ. ಒಂದು ಬದಿಗೆ ನವಮಂಗಳೂರು ಬಂದರು. ಎದುರಿಗೆ ಅರಬ್ಬೀ ಸಮುದ್ರ. ಮುಂಗಾರಿನ ಹೊಸ್ತಿಲಲ್ಲಿ ಈ ಕಡಲು ಮೈದುಂಬಿಕೊಳ್ಳುತ್ತದೆ. ಅಂಥ ಹೊತ್ತನ್ನೇ ಆರಿಸಿ 2022 ಮತ್ತು 2023ರಲ್ಲಿ ಇಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ನಡೆಸಿದರು. 2016ರಲ್ಲಿ ಅದು ಆರಂಭವಾದದ್ದು ಇನ್ನೂ ಉತ್ತರಕ್ಕೆ, ನಂದಿನಿ ಮತ್ತು ಶಾಂಭವಿ ನದಿಗಳು ಕಡಲನ್ನು ಕೂಡುವ ಸಸಿಹಿತ್ಲಿನಲ್ಲಿ.

ಹಲಗೆಯ ಮೇಲೆ ನಿಂತು ಅಲೆಯನ್ನೇರುವ ಈ ಆಟದಲ್ಲಿ ಗೆದ್ದವರಾರೆಂದು ನಿರ್ಣಯಿಸುವುದು ಹೇಗೆ? ನಮ್ಮ ಕಂಬಳದ ಕನೆಹಲಗೆಯಲ್ಲಿ ಈ ತೊಡಕಿಲ್ಲ. ಹಲಗೆಯ ರಂಧ್ರಗಳಿಂದ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಿತೋ ಇಲ್ಲವೋ ಎಂಬುದನ್ನು ನೆರೆದ ಜನರೆಲ್ಲ ಕಾಣಬಲ್ಲರು. ಹಿಮದ ಮೇಲೆ ಹಲಗೆಯಲ್ಲಿ ಜಾರುವ ಸ್ನೋಬೋರ್ಡಿಂಗ್ ಸರ್ಫಿಂಗಿಗೆ ತಮ್ಮನೆನ್ನಬಹುದಾದ ಆಟ. ಅದರ ಹಾಫ್‌ಪೈಪ್ ಸ್ಪರ್ಧೆಯಲ್ಲಿ ತೀರ್ಪುಗಾರರ ಕಣ್ಣೇ ಪ್ರಮಾಣ; ಆದರೂ ಕೊರೆದು ಸಿದ್ಧಪಡಿಸಿದ ಹಿಮದ ಹಾದಿ ಎಲ್ಲರಿಗೂ ಒಂದೇ. ಕಡಲಾದರೋ ಒಬ್ಬರಿಗೆ ಕೊಟ್ಟ ಅಲೆಯನ್ನು ಇನ್ನೊಬ್ಬರಿಗೆ ಕೊಡುವುದಿಲ್ಲ.

ಈ ಅಸಮತೆಯ ನಡುವೆ ನ್ಯಾಯವನ್ನು ಕಾಣಲೆಂದೇ ನಿಯಮಗಳನ್ನು ರಚಿಸಿದ್ದಾರೆ. ಬೇರೆ ಬೇರೆ ಬಣ್ಣದ ಅಂಗಿ ತೊಟ್ಟ ಕೆಲವೇ ಸ್ಪರ್ಧಿಗಳು ಒಟ್ಟಿಗೆ ನೀರಿಗಿಳಿಯುತ್ತಾರೆ. ಹಾರ್ನ್ ಮೊಳಗಿದೊಡನೆ ಕಾಲದ ಎಣಿಕೆ ಮೊದಲಾಗುತ್ತದೆ. ನಿಗದಿತ ಅವಧಿಯಲ್ಲಿ ಹಲವು ಅಲೆಗಳನ್ನೇರಬಹುದು. ಉತ್ತಮವಾದ ಎರಡು ಸವಾರಿಗಳು ಮಾತ್ರ ಲೆಕ್ಕಕ್ಕೆ. ಒಂದೊಂದಕ್ಕೂ ಪೂರ್ಣಾಂಕ 10. ತೀರ್ಪುಗಾರರು ಐವರಿದ್ದರೆ ಅತಿ ಹೆಚ್ಚಿನ ಹಾಗೂ ಅತಿ ಕಡಿಮೆಯ ಅಂಕಗಳನ್ನು ಕೈಬಿಟ್ಟು ಉಳಿದ ಮೂರರ ಸರಾಸರಿಯನ್ನು ತೆಗೆಯುತ್ತಾರೆ. ಎದೆಗಾರಿಕೆ, ಕಸರತ್ತಿನ ಕಾಠಿಣ್ಯ, ಹೊಸತನ, ತಿರುವುಗಳ ವೈವಿಧ್ಯ, ವೇಗ, ಬಲ, ಓಘ—ಇವೇ ಒರೆಗಲ್ಲುಗಳು. ಒಂದು ಅಲೆಗೆ ಒಬ್ಬರೇ ಸವಾರರು. ಹಕ್ಕುಳ್ಳವರ ದಾರಿಗೆ ಅಡ್ಡ ಬಂದವರಿಗೆ ಅಂಕಗಳಲ್ಲಿ ಕಡಿತವಾಗುತ್ತದೆ.

ಆದ್ದರಿಂದ, ದೂರದಲ್ಲಿ ಸುಮ್ಮನೆ ತೇಲುತ್ತಿರುವಂತೆ ತೋರುವ ಸ್ಪರ್ಧಿಯ ಮನಸ್ಸಿನಲ್ಲಿ ದೊಡ್ಡ ಲೆಕ್ಕಾಚಾರವೇ ನಡೆದಿರುತ್ತದೆ. ಈ ಅಲೆ ಸಾಕೆ? ಇದರ ಹಿಂದಿನದು ಇನ್ನೂ ಎತ್ತರವೆ? ಬಿಟ್ಟ ಅಲೆ ಮರಳಿ ಬರುವುದಿಲ್ಲ. ಕಾದ ಅಲೆ ಬಾರದೆಯೂ ಹೋಗಬಹುದು. ವರ್ಷಗಟ್ಟಲೆ ಮಾಡಿದ ಅಭ್ಯಾಸದ ಫಲವು ಆ ಕೆಲವು ನಿಮಿಷಗಳಲ್ಲಿ ದೊರೆಯಬೇಕು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಶಿಪ್‌ನಲ್ಲಿ ರಮೇಶ್ ಬುದಿಹಾಳ್ ಭಾರತಕ್ಕೆ ಕಂಚಿನ ಪದಕವನ್ನು ತಂದದ್ದೂ ಇಂಥದೇ ಪರೀಕ್ಷೆಯನ್ನು ದಾಟಿ.

ಕಡಲು ಸಮನಾಗಿ ಹಂಚದಿದ್ದುದನ್ನು ತೀರ್ಪುಗಾರರು ಸಮನಾಗಿಸಲಾರರು. ಸಿಕ್ಕಿದ್ದನ್ನು ಯಾರು ಹೇಗೆ ಬಳಸಿಕೊಂಡರೆಂಬುದನ್ನು ಮಾತ್ರ ಅವರು ತೂಗಬಲ್ಲರು.